ಒಂಬತ್ತು-ಆರು, ಎಂಟು-ಐದು: ಬನಶಂಕರಿಯಲ್ಲಿ ಕೂತು ವೇಗಸ್ ಮಷಿನ್‌ನ ಲೆಕ್ಕ ಹಾಕಿದ ಪ್ರಕರಣ

ಪ್ರಕರಣ ಇಷ್ಟೇ. ಜನವರಿಯ ಸಿಇಎಸ್ ಎಲೆಕ್ಟ್ರಾನಿಕ್ಸ್ ಮೇಳಕ್ಕೆ ಕಂಪನಿ ಕಡೆಯಿಂದ ಲಾಸ್ ವೇಗಸ್‌ಗೆ ಹೋಗಿದ್ದ ಗೆಳೆಯನೊಬ್ಬ ಮೇಳ ಮುಗಿದ ಶನಿವಾರ ರಾತ್ರಿ 8ಕ್ಕೆ ವಾಟ್ಸಾಪ್‌ನಲ್ಲಿ ಎರಡು ಫೋಟೊ ಕಳಿಸಿದ. ಇಲ್ಲಿ ಬನಶಂಕರಿಯ ಅವನ ಮನೆಯಲ್ಲಿ ಆಗ ಭಾನುವಾರ ಬೆಳಿಗ್ಗೆ ಒಂಬತ್ತೂವರೆ. ಅವನ ಅಕ್ಕ ಕಾಲೇಜಿನಲ್ಲಿ ಸ್ಟ್ಯಾಟಿಸ್ಟಿಕ್ಸ್ ಪಾಠ ಮಾಡುತ್ತಾರೆ. ಫೋಟೊ ಹೋಗಿದ್ದು ಅವರಿಗೆ. ಪ್ರೋಗ್ರಾಂ ಬರೆಯುವ ಕೆಲಸ ನನ್ನ ಪಾಲಿಗೆ ಬಂತು.

ಎರಡೂ ವಿಡಿಯೊ ಪೋಕರ್ ಮಷಿನ್. ಎರಡೂ 'ಜ್ಯಾಕ್ಸ್ ಆರ್ ಬೆಟರ್' ಆಟ. ಎರಡೂ ಕ್ವಾರ್ಟರ್ ಮಷಿನ್, ಅಂದರೆ ಒಂದು ಕಾಯಿನ್‌ಗೆ 25 ಸೆಂಟ್. ಅಕ್ಕಪಕ್ಕದಲ್ಲೇ ಇದ್ದವು, ಬಣ್ಣವೂ ಒಂದೇ. ಕೆಳಗೆ ಅವನ ಪ್ರಶ್ನೆ: 'ಯಾವುದರ ಮುಂದೆ ಕೂರಲಿ? ಕೈಯಲ್ಲಿ 300 ಡಾಲರ್ ಇದೆ. ಎಲ್ಲಾ ಹೋದರೂ ಬೇಜಾರಿಲ್ಲ, ಆದರೆ ಸುಮ್ನೆ ಹೋಗೋದು ಬೇಡ.'

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಮಷಿನ್ 52 ಎಲೆಯ ಕಟ್ಟಿನಿಂದ ಐದು ಎಲೆ ಹಂಚುತ್ತದೆ. ನಿಮಗೆ ಬೇಕಾದ್ದನ್ನು ಹೋಲ್ಡ್ ಮಾಡುತ್ತೀರಿ, ಉಳಿದದ್ದನ್ನು ಬಿಡುತ್ತೀರಿ. ಬಿಟ್ಟಷ್ಟು ಎಲೆ ಹೊಸದಾಗಿ ಒಂದೇ ಸಲ ಬರುತ್ತದೆ. ಆಮೇಲೆ ಕೈಯಲ್ಲಿರುವುದಕ್ಕೆ ಪೇ ಟೇಬಲ್ ಪ್ರಕಾರ, ಅಂದರೆ ಯಾವ ಕೈಗೆ ಎಷ್ಟು ಅಂತ ಮಷಿನ್ ಮೇಲಿರುವ ಪಟ್ಟಿಯ ಪ್ರಕಾರ ದುಡ್ಡು. ಎದುರಾಳಿ ಇಲ್ಲ, ಬ್ಲಫ್ ಇಲ್ಲ. ಗುಲಾಮನ ಜೋಡಿ ಅಥವಾ ಅದಕ್ಕಿಂತ ಮೇಲಿನ ಜೋಡಿ ಬಂದರೆ ಹಾಕಿದ್ದು ವಾಪಸ್. ಎರಡು ಜೋಡಿಗೆ ಕಾಯಿನ್ ಒಂದಕ್ಕೆ 2, ಒಂದೇ ನಂಬರಿನ ಮೂರಕ್ಕೆ 3, ಸ್ಟ್ರೇಟ್‌ಗೆ (ಸಾಲಾಗಿ ಬರುವ ಐದು ನಂಬರ್) 4, ಒಂದೇ ನಂಬರಿನ ನಾಲ್ಕಕ್ಕೆ 25, ಸ್ಟ್ರೇಟ್ ಫ್ಲಶ್‌ಗೆ (ಸಾಲಾಗಿ, ಅದೂ ಒಂದೇ ಜಾತಿಯಲ್ಲಿ, ಅಂದರೆ ಐದೂ ಆಟೀನ್ ಅಥವಾ ಐದೂ ಇಸ್ಪೀಟ್ ಹೀಗೆ) 50. ಐದು ಕಾಯಿನ್ ಹಾಕಿ ಆಡಿದರೆ ರಾಯಲ್ ಫ್ಲಶ್‌ಗೆ (ಒಂದೇ ಜಾತಿಯ ಹತ್ತು, ಗುಲಾಮ, ರಾಣಿ, ರಾಜ, ಎಕ್ಕ) ಕಾಯಿನ್ ಒಂದಕ್ಕೆ 800. ಐದಕ್ಕಿಂತ ಕಡಿಮೆ ಹಾಕಿದರೆ ಅದು ಬರೀ 250.

ಎರಡು ಫೋಟೊಗಳಲ್ಲಿ ಇವೆಲ್ಲ ಒಂದೇ. ವ್ಯತ್ಯಾಸ ಎರಡು ಸಾಲಿನಲ್ಲಿ ಮಾತ್ರ. ಮೊದಲ ಮಷಿನ್‌ನಲ್ಲಿ ಫುಲ್ ಹೌಸ್‌ಗೆ (ಒಂದೇ ನಂಬರಿನ ಮೂರು, ಜತೆಗೊಂದು ಜೋಡಿ) 9, ಫ್ಲಶ್‌ಗೆ (ಐದೂ ಒಂದೇ ಜಾತಿ) 6. ಎರಡನೆಯದರಲ್ಲಿ 8 ಮತ್ತು 5. ಅಲ್ಲಿಯವರು ಇವನ್ನು 'ನೈನ್-ಸಿಕ್ಸ್', 'ಎಯ್ಟ್-ಫೈವ್' ಅಂತಲೇ ಕರೆಯುತ್ತಾರೆ.

ಒಂದು ಕಾಯಿನ್ ಹೆಚ್ಚುಕಮ್ಮಿ, ಏನು ಮಹಾ ಅನ್ನಿಸುತ್ತದೆ ಅಲ್ವಾ? ಅಕ್ಕ ಉತ್ತರ ಕಳಿಸುವುದಕ್ಕೆ ಕಾಫಿ ಆರುವಷ್ಟು ಹೊತ್ತೂ ತೆಗೆದುಕೊಳ್ಳಲಿಲ್ಲ. 'ಮೊದಲನೆಯದು. ಎರಡನೆಯದು ನೂರಕ್ಕೆ ಎರಡೂಕಾಲು ಕಡಿಮೆ ಕೊಡುತ್ತೆ.'

ಅವರು ಮಾಡಿದ್ದು ಒಂದು ಅಡ್ಡದಾರಿ ಲೆಕ್ಕ. 9/6 ಆಟವನ್ನು ತಪ್ಪಿಲ್ಲದೆ ಆಡಿದರೆ ಯಾವ ಕೈ ಎಷ್ಟು ಸಲ ಬರುತ್ತದೆ ಅನ್ನುವುದು ತುಂಬಾ ಹಿಂದೆಯೇ ಲೆಕ್ಕವಾಗಿದೆ. ಫುಲ್ ಹೌಸ್ ನೂರಕ್ಕೆ 1.15 ಸಲ, ಅಂದರೆ ಸುಮಾರು 87 ಆಟಕ್ಕೊಮ್ಮೆ. ಫ್ಲಶ್ ನೂರಕ್ಕೆ 1.10 ಸಲ, ಸುಮಾರು 91 ಆಟಕ್ಕೊಮ್ಮೆ. ಎರಡಕ್ಕೂ ಒಂದೊಂದು ಕಾಯಿನ್ ಕಿತ್ತುಕೊಂಡರೆ ಹೋಗುವುದು 2.25. ಇಡೀ 9/6 ಆಟದ ರಿಟರ್ನ್, ಅಂದರೆ ಹಾಕಿದ ನೂರಕ್ಕೆ ಸರಾಸರಿ ವಾಪಸ್ ಬರುವುದು, 99.54. ಅದರಲ್ಲಿ 2.25 ಕಳೆದರೆ 97.29. ಪೂರ್ತಿ ಲೆಕ್ಕ ಮಾಡಿದಾಗ 8/5ಕ್ಕೆ ಬರುವ ಉತ್ತರ 97.30. ಆ ಚೂರು ವ್ಯತ್ಯಾಸ ಯಾಕೆ ಅಂದರೆ, ಪೇ ಟೇಬಲ್ ಬದಲಾದಾಗ ಕೆಲವು ಕೈಗಳಲ್ಲಿ ಏನನ್ನು ಇಟ್ಟುಕೊಳ್ಳಬೇಕು ಅನ್ನುವುದೂ ಬದಲಾಗುತ್ತದೆ. ಹಾಗೆ ಬದಲಿಸಿ ಆಡಿದವನಿಗೆ ಒಂದಿಷ್ಟು ವಾಪಸ್ ಸಿಗುತ್ತದೆ.

ಈ 99.54 ಅನ್ನು 'ಮಷಿನ್‌ನ ರಿಟರ್ನ್' ಅಂತ ಹೇಳುವುದು ರೂಢಿ. ನನಗೆ ಅದು ಒಪ್ಪಿಗೆಯಿಲ್ಲ. ಅದು ಮಷಿನ್ ಮತ್ತು ಆಡುವವನು ಸೇರಿದ ಜೋಡಿಯ ರಿಟರ್ನ್. ಅಂದರ್ ಬಾಹರ್‌ನಲ್ಲಿ ಕಾಸು ಇಟ್ಟ ಮೇಲೆ ನೀವು ಮಾಡುವುದಕ್ಕೆ ಏನೂ ಇಲ್ಲ. ಇಲ್ಲಿ ಪ್ರತಿ ಕೈಗೂ 32 ದಾರಿ ಇದೆ, ಯಾಕೆಂದರೆ ಐದು ಎಲೆಗಳಲ್ಲಿ ಪ್ರತಿಯೊಂದನ್ನೂ ಇಡಬಹುದು ಅಥವಾ ಬಿಡಬಹುದು. 25,98,960 ಕೈಗಳಲ್ಲೂ ಆ 32ರಲ್ಲಿ ಒಳ್ಳೆಯದನ್ನೇ ಆರಿಸಿದವನಿಗೆ ಮಾತ್ರ 99.54.

ಲೆಕ್ಕ ಹಾಕುವುದಕ್ಕಾದರೂ ಯಾಕೆ ಆಗುತ್ತದೆ? ಅಲ್ಲಿನ ಸ್ಲಾಟ್ ಮಷಿನ್‌ನ ಹೊರಗೆ ನಿಂತು ನೋಡಿದರೆ ಒಳಗೆ ಏನಿದೆ ಅಂತ ತಿಳಿಯುವುದಿಲ್ಲ. ಚಕ್ರದ ಮೇಲೆ ಕಾಣುವ ಚಿತ್ರಕ್ಕೂ ಅದು ಬರುವ ಸಾಧ್ಯತೆಗೂ ಸಂಬಂಧ ಇರಬೇಕಾಗಿಲ್ಲ. ಆದರೆ ನೆವಾಡಾದ ಗೇಮಿಂಗ್ ನಿಯಮ 14ರ ಪ್ರಕಾರ, ಮಷಿನ್ ಇಸ್ಪೀಟು ಎಲೆಯಂಥ ನಿಜವಾದ ಆಟದ ಸಾಮಾನು ತೋರಿಸಿದರೆ, ನಿಜವಾದ ಕಟ್ಟಿನಲ್ಲಿರುವ ಸಾಧ್ಯತೆಯೇ ಅಲ್ಲೂ ಇರಬೇಕು. ಒಟ್ಟು ರಿಟರ್ನ್‌ಗೆ ಆ ನಿಯಮ ಹಾಕಿರುವ ಕೆಳಮಿತಿ 75. ಅದು ಏನೂ ಸಾಲದು ಅನ್ನಿ. ಆದರೆ 52 ಎಲೆ ನಿಜವಾದ 52 ಎಲೆ ಆಗಿದ್ದರೆ, ಮಿಕ್ಕಿದ್ದೆಲ್ಲ ಗಾಜಿನ ಮೇಲೆ ಬರೆದಿರುವ ಪೇ ಟೇಬಲ್‌ನಲ್ಲೇ ಇದೆ. ಒಂದು ಫೋಟೊ ಸಾಕು, ಬನಶಂಕರಿಯಿಂದಲೇ ಉತ್ತರ ಹೇಳಬಹುದು.

ಅರ್ಧ ಗಂಟೆಯಲ್ಲಿ ಮೂರನೇ ಫೋಟೊ ಬಂತು. ಈ ಸಲ ಸ್ಕ್ರೀನ್ ಮೇಲಿನ ಐದು ಎಲೆ: ಇಸ್ಪೀಟ್ ಆರು, ಆಟೀನ್ ಆರು, ಆಟೀನ್ ರಾಜ, ಆಟೀನ್ ಒಂಬತ್ತು, ಆಟೀನ್ ಎರಡು. 'ಜೋಡಿ ಇದೆ. ಇಟ್ಕೊಳ್ಳಲಾ?'

ಎರಡು ದಾರಿ ಇವೆ. ಆರರ ಜೋಡಿ ಇಟ್ಟುಕೊಂಡು ಮೂರು ಎಲೆ ಬಿಡುವುದು ಒಂದು. ನಾಲ್ಕು ಆಟೀನ್ ಇಟ್ಟುಕೊಂಡು ಇಸ್ಪೀಟ್ ಆರನ್ನು ಬಿಡುವುದು ಇನ್ನೊಂದು.

ಎರಡನೆಯದರ ಲೆಕ್ಕ ಬೆರಳಲ್ಲೇ ಆಗುತ್ತದೆ. ಕಟ್ಟಿನಲ್ಲಿ 47 ಎಲೆ ಉಳಿದಿವೆ. ಅದರಲ್ಲಿ 9 ಆಟೀನ್. ಯಾವುದು ಬಂದರೂ ಫ್ಲಶ್, ತಲಾ 6, ಒಟ್ಟು 54. ಬೇರೆ ಮೂರು ರಾಜರಲ್ಲಿ ಒಂದು ಬಂದರೆ ರಾಜನ ಜೋಡಿ, ತಲಾ 1, ಒಟ್ಟು 3. ಉಳಿದ 35 ಎಲೆಗೆ ಸೊನ್ನೆ. 57 ಅನ್ನು 47ರಿಂದ ಭಾಗಿಸಿದರೆ 1.213, ಕಾಯಿನ್ ಒಂದಕ್ಕೆ ಸರಾಸರಿ ಅಷ್ಟು ವಾಪಸ್.

ಮೊದಲನೆಯದು ಸ್ವಲ್ಪ ಉದ್ದ. 47ರಲ್ಲಿ ಮೂರು ಎಲೆ ಬರುವ ಬಗೆ 16,215. ಉಳಿದ ಎರಡು ಆರೂ ಬಂದು ನಾಲ್ಕು ಆರಾಗುವುದು 45 ಬಗೆ. ಫುಲ್ ಹೌಸ್ 165. ಮೂರು ಆರು 1,854. ಎರಡು ಜೋಡಿ 2,592. ಇವನ್ನು ಕ್ರಮವಾಗಿ 25, 9, 3, 2ರಿಂದ ಗುಣಿಸಿ ಕೂಡಿದರೆ 13,356. ಅದನ್ನು 16,215ರಿಂದ ಭಾಗಿಸಿದರೆ 0.824.

ಅಂದರೆ ಜೋಡಿಯನ್ನು ಒಡೆಯಬೇಕು. ಕೈಗೆ ಬಂದ ಜೋಡಿಯನ್ನು ಬಿಡುವುದಕ್ಕೆ ಮನಸ್ಸು ಬರುವುದಿಲ್ಲ, ಆದರೆ ಇಟ್ಟುಕೊಂಡರೆ ಬೆಟ್‌ನ ಶೇಕಡಾ 39ರಷ್ಟು ನಷ್ಟ. ಐದು ಕಾಯಿನ್ ಬೆಟ್ ಅಂದರೆ ಒಂದೂಕಾಲು ಡಾಲರ್. ಅದಕ್ಕೆ 48 ಸೆಂಟ್ ಮೇಲೆ ಹೋಗುತ್ತದೆ.

ಈಗ ಅದೇ ಕೈಯಲ್ಲಿ ಆರುಗಳ ಜಾಗಕ್ಕೆ ಗುಲಾಮರನ್ನು ಇಡಿ. ಇಸ್ಪೀಟ್ ಗುಲಾಮ, ಆಟೀನ್ ಗುಲಾಮ, ಉಳಿದದ್ದು ಹಾಗೇ. ಮೊದಲಿನ 13,356 ಹಾಗೆಯೇ ಇರುತ್ತದೆ. ಜತೆಗೆ ಏನೂ ಸುಧಾರಿಸದ 11,559 ಬಗೆಗಳಲ್ಲೂ ಈಗ ಒಂದೊಂದು ಕಾಯಿನ್ ಸಿಗುತ್ತದೆ, ಯಾಕೆಂದರೆ ಗುಲಾಮನ ಜೋಡಿಗೇ ದುಡ್ಡಿದೆ. 24,915 ಭಾಗಿಸು 16,215, ಅಂದರೆ 1.537. ನಾಲ್ಕು ಆಟೀನ್ ಇಟ್ಟರೆ? ಫ್ಲಶ್‌ನ 54, ರಾಜನ 3, ಉಳಿದ ಗುಲಾಮರ 2, ಒಟ್ಟು 59. ಭಾಗಿಸಿದರೆ 1.255. ಈಗ ಜೋಡಿಯನ್ನು ಬಿಡಬಾರದು. ಎಲೆಯ ಮೇಲಿನ ಚಿತ್ರ ಬದಲಾದರೆ ಸರಿಯಾದ ಉತ್ತರವೇ ತಿರುಗಿ ಬೀಳುತ್ತದೆ.

ಇಂಥ ಲೆಕ್ಕವನ್ನು ಎಲ್ಲಾ ಕೈಗೂ ಮಾಡಬೇಕು. 25,98,960 ಕೈ, ಪ್ರತಿಯೊಂದಕ್ಕೂ 32 ದಾರಿ, ಪ್ರತಿ ದಾರಿಗೂ ಬರಬಹುದಾದ ಎಲ್ಲಾ ಎಲೆ. ಐದನ್ನೂ ಬಿಟ್ಟರೆ 15,33,939 ಬಗೆ. ಒಂದು ಇಟ್ಟರೆ 1,78,365. ಎರಡು ಇಟ್ಟರೆ 16,215. ಮೂರು ಇಟ್ಟರೆ 1,081. ನಾಲ್ಕು ಇಟ್ಟರೆ 47. 32 ದಾರಿಗಳನ್ನೂ ಕೂಡಿದರೆ ಮತ್ತೆ 25,98,960 ಬರುತ್ತದೆ. ಇದು ಕಾಕತಾಳೀಯ ಅಲ್ಲ. 52ರಲ್ಲಿ ಯಾವ ಐದು ಎಲೆ ತೆಗೆದುಕೊಂಡರೂ, ಮೊದಲು ಹಂಚಿದ ಐದರಲ್ಲಿ ಕೆಲವು ಅದರಲ್ಲಿರುತ್ತವೆ, ಕೆಲವು ಇರುವುದಿಲ್ಲ. ಹಾಗಾಗಿ ಪ್ರತಿ ಕೊನೆಯ ಕೈಯೂ ಸರಿಯಾಗಿ ಒಂದೇ ದಾರಿಯಲ್ಲಿ ಸಿಗುತ್ತದೆ. ಅಕ್ಕ ಇದನ್ನು ತೋರಿಸಿದಾಗ ನನಗೆ ಉಳಿದ ಲೆಕ್ಕಕ್ಕಿಂತ ಇದೇ ಹೆಚ್ಚು ಖುಷಿ ಕೊಟ್ಟಿತು.

ಒಟ್ಟು ನೋಡಬೇಕಾದ ಕೈಗಳು ಹಾಗಾದರೆ 25,98,960ರ ವರ್ಗ, ಸುಮಾರು 6.75 ಲಕ್ಷ ಕೋಟಿ. ಲ್ಯಾಪ್‌ಟಾಪ್‌ಗೆ ಇಷ್ಟನ್ನು ಹಾಗೇ ಸುರಿದರೆ ಗೆಳೆಯ ವಿಮಾನ ಹತ್ತಿ ಬೆಂಗಳೂರಿಗೆ ಬಂದರೂ ಮುಗಿಯುವುದು ಅನುಮಾನ. ಎರಡು ಉಪಾಯ ಇವೆ.

ಮೊದಲನೆಯದು ಸುಲಭ. ಆಟೀನ್ ಜಾಗದಲ್ಲಿ ಇಸ್ಪೀಟ್, ಇಸ್ಪೀಟ್ ಜಾಗದಲ್ಲಿ ಡೈಮಂಡ್ ಇಟ್ಟರೆ ಆಟದ ಬೆಲೆ ಬದಲಾಗುವುದಿಲ್ಲ. ಹೀಗೆ ಒಂದೇ ಥರದ ಕೈಗಳನ್ನು ಗುಂಪು ಮಾಡಿದರೆ ಬೇರೆ ಬೇರೆ ಕೈ ಉಳಿಯುವುದು 1,34,459. ಕೆಲಸ ಹತ್ತೊಂಬತ್ತರಲ್ಲಿ ಒಂದು ಪಾಲಿಗೆ ಇಳಿಯಿತು.

ನಿಜವಾದ ಚಮತ್ಕಾರ ಎರಡನೆಯದು. ಪ್ರತಿ ಡ್ರಾವನ್ನೂ (ಬಿಟ್ಟ ಎಲೆಗಳ ಜಾಗಕ್ಕೆ ಬರುವುದನ್ನು) ಹೊಸದಾಗಿ ನೋಡುವ ಬದಲು, ಐದೆಲೆಯ ಪ್ರತಿ ಕೈಯ ಬೆಲೆಯನ್ನು ಒಂದೇ ಸಲ ಲೆಕ್ಕ ಹಾಕುತ್ತೀರಿ. ಹಾಕುತ್ತಲೇ ಅದರೊಳಗಿನ ಪ್ರತಿ ನಾಲ್ಕೆಲೆ, ಮೂರೆಲೆ, ಎರಡೆಲೆ, ಒಂದೆಲೆ ಗುಂಪಿನ ಖಾತೆಗೂ ಆ ಬೆಲೆಯನ್ನು ಜಮಾ ಮಾಡುತ್ತೀರಿ. ನಾಲ್ಕೆಲೆ ಗುಂಪು 2,70,725. ಮೂರೆಲೆ 22,100. ಎರಡೆಲೆ 1,326. ಒಂದೆಲೆ 52. ಇಷ್ಟೇ ಖಾತೆ, ಫೋನಿನಲ್ಲೂ ಹಿಡಿಸುತ್ತದೆ.

ಗುಲಾಮನ ಕೈಯನ್ನೇ ತೆಗೆದುಕೊಳ್ಳಿ. ಆಟೀನ್ ಗುಲಾಮ, ರಾಜ, ಒಂಬತ್ತು, ಎರಡು, ಈ ನಾಲ್ಕೆಲೆಯ ಖಾತೆಯಲ್ಲಿ ಎಷ್ಟಿರುತ್ತದೆ? ಉಳಿದ 48 ಎಲೆಗಳಲ್ಲಿ ಯಾವುದಾದರೂ ಸೇರಬಹುದು. 9 ಆಟೀನ್‌ಗೆ 54, ಮೂರು ರಾಜರಿಗೆ 3, ಮೂರು ಗುಲಾಮರಿಗೆ 3, ಒಟ್ಟು 60. ಆದರೆ ನಾವು ಇಸ್ಪೀಟ್ ಗುಲಾಮನನ್ನು ಬಿಟ್ಟಿದ್ದೇವೆ, ಅದು ಮತ್ತೆ ಬರುವಂತಿಲ್ಲ. ಅದು ಬಂದಿದ್ದರೆ ಆಗುತ್ತಿದ್ದ ಕೈ ಯಾವುದು? ಮೊದಲು ಹಂಚಿದ ಕೈಯೇ. ಅದರ ಬೆಲೆ 1. 60ರಲ್ಲಿ 1 ಕಳೆದರೆ 59. ಮೇಲೆ ಬೆರಳಲ್ಲಿ ಎಣಿಸಿದಾಗಲೂ ಬಂದದ್ದು 59. ಎರಡು ಮೂರು ಎಲೆ ಬಿಟ್ಟಾಗ ಒಮ್ಮೆ ಕಳೆಯಬೇಕು, ಜಾಸ್ತಿ ಕಳೆದುಹೋದದ್ದನ್ನು ಮತ್ತೆ ಕೂಡಬೇಕು. ಪಿಯುಸಿಯಲ್ಲಿ ಗಣಗಳ ಪಾಠದಲ್ಲಿ ವೃತ್ತಗಳನ್ನು ಬರೆದು ಕಲಿತದ್ದೇ ಇದು. ಲಕ್ಷ ಕೋಟಿಯ ಕೆಲಸ ಕೋಟಿಗಳಿಗೆ ಇಳಿಯುತ್ತದೆ. ಸಾಧಾರಣ ಲ್ಯಾಪ್‌ಟಾಪ್‌ಗೆ ಅದು ಏನೂ ಅಲ್ಲ.

ಪ್ರೋಗ್ರಾಂ ಸರಿಯಿದೆಯೇ ಅಂತ ನೋಡುವುದಕ್ಕೆ 9/6 ಒಳ್ಳೆಯ ಉರೆಗಲ್ಲು. 99.5439 ಬರಬೇಕು. ಕೊನೆಯ ಅಂಕಿ ತಪ್ಪಿದರೂ ಎಲ್ಲೋ ಏನೋ ಕೆಟ್ಟಿದೆ ಅಂತಲೇ ಅರ್ಥ.

ಆ 99.54 ಎಲ್ಲಿಂದ ಬರುತ್ತದೆ ಅಂತ ಬಿಡಿಸಿ ನೋಡಿದಾಗ ಪ್ರಕರಣ ಇನ್ನೊಂದು ಕಡೆ ತಿರುಗಿತು. ಹಾಕಿದ ನೂರು ರೂಪಾಯಿಯಲ್ಲಿ ಹತ್ತಿರ ಹತ್ತಿರ 70 ವಾಪಸ್ ಬರುವುದು ಕೆಳಗಿನ ಮೂರು ಸಾಲಿನಿಂದ: ದೊಡ್ಡ ಜೋಡಿ, ಎರಡು ಜೋಡಿ, ಮೂರು ಒಂದೇ ನಂಬರ್. ಫುಲ್ ಹೌಸ್‌ನಿಂದ 10.36, ಫ್ಲಶ್‌ನಿಂದ 6.61. ರಾಯಲ್ ಫ್ಲಶ್‌ನಿಂದ 1.98. ನೂರರಲ್ಲಿ 54ಕ್ಕೂ ಜಾಸ್ತಿ ಕೈಗಳಿಗೆ ಏನೂ ಇಲ್ಲ.

ಆ ರಾಯಲ್ ಬರುವುದು ಸುಮಾರು 40,391 ಆಟಕ್ಕೊಮ್ಮೆ. ಗೆಳೆಯನ ಹತ್ತಿರ ಇದ್ದದ್ದು ಒಂದು ರಾತ್ರಿ. ಗಂಟೆಗೆ 500 ಕೈ ಅಂದುಕೊಂಡರೂ ನಾಲ್ಕು ಗಂಟೆಗೆ 2,000 ಕೈ. ಅಷ್ಟರಲ್ಲಿ ಒಂದು ರಾಯಲ್ ಸಿಗುವ ಸಾಧ್ಯತೆ ನೂರಕ್ಕೆ ಐದೂ ಇಲ್ಲ. ಹಾಗಾಗಿ ಅವನ ಪಾಲಿಗೆ ಆ ರಾತ್ರಿಯ ಆಟ 99.54ರ ಆಟ ಅಲ್ಲ, 97.56ರ ಆಟ. ಸರಾಸರಿಯೇನೋ ಸುಳ್ಳು ಹೇಳುವುದಿಲ್ಲ, ಆದರೆ ಅದರಲ್ಲಿ ಎರಡು ಪರ್ಸೆಂಟ್ ಬೇರೆ ಯಾರದೋ ಜೇಬಿಗೆ ಹೋಗುತ್ತದೆ.

ಡಾಲರ್‌ನಲ್ಲಿ ಹೇಳುವುದಾದರೆ, ನಾಲ್ಕು ಗಂಟೆಯಲ್ಲಿ ಮಷಿನ್ ಒಳಗೆ ಹಾಯುವ ಮೊತ್ತ 2,500 ಡಾಲರ್. ಗೆದ್ದದ್ದನ್ನೇ ಮತ್ತೆ ಮತ್ತೆ ಹಾಕುವುದರಿಂದ ಇಷ್ಟಾಗುತ್ತದೆ. ಕಾಗದದ ಮೇಲೆ 9/6ರಲ್ಲಿ ನಷ್ಟ 11 ಡಾಲರ್ ಚಿಲ್ಲರೆ, 8/5ರಲ್ಲಿ 67. ರಾಯಲ್ ಬಾರದ ರಾತ್ರಿಯಲ್ಲಿ 9/6ಕ್ಕೆ 61, 8/5ಕ್ಕೆ 117ರ ಆಸುಪಾಸು.

ಏರಿಳಿತದ ಕಥೆಯೂ ಹೀಗೇ. 9/6 ಆಟದ ವೇರಿಯನ್ಸ್, ಅಂದರೆ ಏರಿಳಿತದ ಅಳತೆ, 19.5. ಅದರಲ್ಲಿ ಹದಿನಾರರ ಹತ್ತಿರ ಬರುವುದು ಒಂದೇ ಒಂದು ರಾಯಲ್ ಸಾಲಿನಿಂದ. ಅದನ್ನು ಪಕ್ಕಕ್ಕಿಟ್ಟರೆ, 2,000 ಕೈಗೆ ಸ್ಟ್ಯಾಂಡರ್ಡ್ ಡೀವಿಯೇಷನ್ (ಸರಾಸರಿಯಿಂದ ಸಾಮಾನ್ಯವಾಗಿ ಆಗುವ ಆಚೀಚೆ) ಸುಮಾರು 107 ಡಾಲರ್. ಎರಡು ಮಷಿನ್‌ಗಳ ನಡುವಿನ ಅಂತರ 56 ಡಾಲರ್. ಹಾಗಾಗಿ ಇಬ್ಬರು ಪಕ್ಕಪಕ್ಕದಲ್ಲಿ ಕೂತು ಆಡಿದರೆ, ಮೂರು ರಾತ್ರಿಗೆ ಒಂದು ರಾತ್ರಿಯಾದರೂ ಕೆಟ್ಟ ಮಷಿನ್‌ನವನೇ ಮುಂದಿರುತ್ತಾನೆ.

ಅಂದು ಆದದ್ದೂ ಅದೇ. ಗೆಳೆಯ 9/6ರಲ್ಲಿ ಕೂತು 110 ಡಾಲರ್ ಕಳೆದುಕೊಂಡ. ಪಕ್ಕದ 8/5ರಲ್ಲಿ ಕೂತ ಸಹೋದ್ಯೋಗಿ ಕಳೆದುಕೊಂಡದ್ದು 35. 'ನಿಮ್ಮ ಅಕ್ಕನ ಲೆಕ್ಕ ಇಷ್ಟೇನಾ' ಅಂತ ಆತ ಕಾಲೆಳೆದನಂತೆ. ಅಕ್ಕನಿಗೆ ಇದರಿಂದ ಒಂಚೂರೂ ಬೇಜಾರಾಗಲಿಲ್ಲ. ಒಂದು ರಾತ್ರಿ ನೋಡಿ ಮಷಿನ್ ಒಳ್ಳೆಯದೋ ಕೆಟ್ಟದ್ದೋ ಅಂತ ತೀರ್ಮಾನ ಮಾಡುವ ಹಾಗಿದ್ದರೆ ಪೇ ಟೇಬಲ್ ಓದುವ ಅಗತ್ಯವೇ ಇರುತ್ತಿರಲಿಲ್ಲ ಅಂದರು. ಅವರಿಗೆ ಬೇಜಾರಾದದ್ದು ಬೇರೆ ವಿಷಯಕ್ಕೆ.

ಗೆಳೆಯ ಕಳಿಸಿದ ಇನ್ನೊಂದಷ್ಟು ಫೋಟೊಗಳಲ್ಲಿ ಒಂದು ಅಭ್ಯಾಸ ಎದ್ದು ಕಾಣುತ್ತಿತ್ತು. ಗುಲಾಮನ ಜೋಡಿ ಬಂದಾಗ ಅದರ ಜತೆ ಎಕ್ಕವನ್ನೂ ಇಟ್ಟುಕೊಳ್ಳುತ್ತಿದ್ದ. 'ಎಕ್ಕ ಬಿಡೋದು ಹೇಗೆ?' ಅನ್ನುವ ವಾದ. ದೀಪಾವಳಿಯಲ್ಲಿ ಮೂರೆಲೆ ಆಡಿ ಬೆಳೆದವರಿಗೆ ಎಕ್ಕ ಅಂದರೆ ಅಷ್ಟು ಗೌರವ. ಈ ಮಷಿನ್‌ಗೆ ಮಾತ್ರ ಜೋಡಿಯ ಪಕ್ಕದ ಎಕ್ಕವೂ ಒಂದೇ, ನಾಲ್ಕೂ ಒಂದೇ. ಲೆಕ್ಕ ನೋಡಿ. ಗುಲಾಮನ ಜೋಡಿ ಮತ್ತು ಎಕ್ಕ ಇಟ್ಟು ಎರಡು ಎಲೆ ತೆಗೆದರೆ 1,081 ಬಗೆ. ನಾಲ್ಕು ಗುಲಾಮ 1, ಫುಲ್ ಹೌಸ್ 9, ಮೂರು ಗುಲಾಮ 84, ಎರಡು ಜೋಡಿ 186, ಉಳಿದ 801ರಲ್ಲಿ ಹಾಕಿದ್ದು ವಾಪಸ್. ಕೂಡಿ ಭಾಗಿಸಿದರೆ 1.416. ಜೋಡಿ ಮಾತ್ರ ಇಟ್ಟಿದ್ದರೆ 1.537. ಪ್ರತಿ ಸಲ 0.12 ಬೆಟ್ ಹೋಯಿತು, ಅಂದರೆ 15 ಸೆಂಟ್.

ಹದಿನೈದು ಸೆಂಟ್ ಅಂತ ನಗಬೇಡಿ. ಗುಲಾಮ ಅಥವಾ ಮೇಲಿನ ಜೋಡಿ ನೂರರಲ್ಲಿ 13 ಸಲ ಹಂಚಿಕೆಯಲ್ಲೇ ಬರುತ್ತದೆ. ಪ್ರತಿ ಸಲವೂ ಹೀಗೆ ಒಂದು ಎಲೆ ಜತೆಗಿಟ್ಟುಕೊಂಡರೆ ರಿಟರ್ನ್ ಸುಮಾರು ಒಂದೂವರೆ ಪರ್ಸೆಂಟ್ ಇಳಿಯುತ್ತದೆ. ಎರಡು ಮಷಿನ್‌ಗಳ ನಡುವಿನ ಇಡೀ ಅಂತರವೇ ಎರಡೂಕಾಲು. ಒಳ್ಳೆಯ ಮಷಿನ್ ಹುಡುಕಿ ಗಳಿಸಿದ್ದರಲ್ಲಿ ಅರ್ಧಕ್ಕಿಂತ ಜಾಸ್ತಿಯನ್ನು ಒಂದೇ ಅಭ್ಯಾಸ ತಿಂದುಹಾಕುತ್ತದೆ. 9/6ರ ಮುಂದೆ ಕೂತರೂ ಹಾಗೆ ಆಡುವವನದು 98ರ ಆಟ.

ಇನ್ನೆರಡು ಪ್ರಶ್ನೆ ಅವನು ಕೇಳಿದ್ದ. ಒಂದೇ ಕಾಯಿನ್ ಹಾಕಿ ಆಡಿದರೆ? ರಾಯಲ್ 250ಕ್ಕೆ ಇಳಿಯುವುದರಿಂದ ರಿಟರ್ನ್ 98.37. ಪುಸ್ತಕಗಳೆಲ್ಲ 'ಯಾವಾಗಲೂ ಐದು ಹಾಕಿ' ಅನ್ನುತ್ತವೆ. ಆದರೆ ಗಂಟೆಯ ನಷ್ಟ ನೋಡಿದರೆ ಐದು ಕಾಯಿನ್‌ಗೆ 2 ಡಾಲರ್ 85 ಸೆಂಟ್, ಒಂದು ಕಾಯಿನ್‌ಗೆ 2 ಡಾಲರ್ 4 ಸೆಂಟ್. ಪರ್ಸೆಂಟ್ ಕೆಟ್ಟದ್ದು, ಜೇಬಿಗೆ ಒಳ್ಳೆಯದು. ಸಮಯ ಕಳೆಯಲು ಕೂತವನಿಗೆ ಒಂದು ಕಾಯಿನ್ ತಪ್ಪೇನಲ್ಲ ಅನ್ನುವುದು ನನ್ನ ಅಭಿಪ್ರಾಯ. ಅಕ್ಕ ಇದನ್ನು ಒಪ್ಪುವುದಿಲ್ಲ.

ಒಂದು ಡಾಲರ್ ಕಾಯಿನ್‌ನ ಮಷಿನ್ ಹೇಗೆ? ಅಲ್ಲಿ ರಾಯಲ್ ಬಂದರೆ 4,000 ಡಾಲರ್. ಭಾರತದಿಂದ ಹೋದವರ ಇಂಥ ಗೆಲುವಿನಿಂದ ಅಮೆರಿಕ ಅಲ್ಲೇ 30 ಪರ್ಸೆಂಟ್ ತೆರಿಗೆ ಹಿಡಿದುಕೊಳ್ಳುತ್ತದೆ. 1.98ರ 30 ಪರ್ಸೆಂಟ್ ಅಂದರೆ 0.59. ಹಾಗಾಗಿ ಅದೇ 9/6 ನಮ್ಮವರಿಗೆ 98.95. ಕ್ವಾರ್ಟರ್ ಮಷಿನ್‌ನ ರಾಯಲ್ 1,000 ಡಾಲರ್, ಅದು ಮಷಿನ್ ಹತ್ತಿರವೇ ಕಡಿತವಾಗುವ ಮಿತಿಗಿಂತ ಕೆಳಗೆ.

ಇದನ್ನೆಲ್ಲ ಓದಿ ಇಲ್ಲಿ ಆ್ಯಪ್ ಹುಡುಕಲು ಹೋಗಬೇಡಿ. 1963ರ ಕರ್ನಾಟಕ ಪೊಲೀಸ್ ಕಾಯ್ದೆಯಲ್ಲಿ ಜೂಜಿನ ಅಡ್ಡೆ ನಡೆಸುವುದು ಅಪರಾಧ. ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು 2025ರ ಕೇಂದ್ರ ಕಾಯ್ದೆ ನಿಷೇಧಿಸಿದೆ. ಲೆಕ್ಕಕ್ಕೆ ಪೆನ್ನು ಕಾಗದ ಸಾಕು.

ಗೆಳೆಯ ವಾಪಸ್ ಬಂದ ಮೇಲೆ ಕೇಳಿದ್ದು ಒಂದೇ: ನೂರರ ಮೇಲೆ ಕೊಡುವ ಮಷಿನ್ ಇದೆಯಾ? ಇದೆ. 'ಡ್ಯೂಸಸ್ ವೈಲ್ಡ್' ಅಂತ ಒಂದು ಆಟ. ಅದರಲ್ಲಿ ಎರಡರ ನಾಲ್ಕೂ ಎಲೆ ಜೋಕರ್ ಇದ್ದ ಹಾಗೆ. ಅದರ ಹಳೆಯ ಪೂರ್ಣ ಪೇ ಟೇಬಲ್‌ಗೆ ರಿಟರ್ನ್ 100.76. ಒಂದೂ ತಪ್ಪಿಲ್ಲದೆ ಆಡಿದರೆ ಕ್ವಾರ್ಟರ್ ಮಷಿನ್‌ನಲ್ಲಿ ಗಂಟೆಗೆ 4 ಡಾಲರ್ 76 ಸೆಂಟ್ ಸಂಪಾದನೆ. ಅದು ಸಿಗುವುದೂ ಅಪರೂಪ. ಅದೇ ಹೆಸರಿನ ಬೇರೆ ಮಷಿನ್‌ನಲ್ಲಿ ಒಂದೇ ನಂಬರಿನ ನಾಲ್ಕಕ್ಕೆ 5ರ ಬದಲು 4 ಅಂತ ಬರೆದು ಬೇರೆ ಸಾಲುಗಳನ್ನು ಹಾಗೇ ಬಿಟ್ಟರೂ ಸಾಕು. ಆ ಕೈ ಹದಿನೈದು ಹದಿನಾರು ಆಟಕ್ಕೊಮ್ಮೆ ಬರುವುದರಿಂದ ರಿಟರ್ನ್ ಆರೂವರೆ ಪರ್ಸೆಂಟ್ ಹತ್ತಿರ ಕುಸಿದು 94ರ ಆಸುಪಾಸಿಗೆ ಬರುತ್ತದೆ. ಮುಂದಿನ ಜನವರಿಗೆ ಅಂತ ಅವನು ಆ ಪೂರ್ಣ ಟೇಬಲ್ ಅನ್ನು ಫೋನಿನಲ್ಲಿ ಸೇವ್ ಮಾಡಿಕೊಂಡಿದ್ದಾನೆ. ಗುಲಾಮನ ಜೋಡಿಯ ಜತೆ ಎಕ್ಕ ಇಡುವುದನ್ನು ಬಿಟ್ಟಿದ್ದಾನಾ ಅಂತ ಕೇಳಿದರೆ, ಡ್ಯೂಸಸ್ ವೈಲ್ಡ್‌ನಲ್ಲಿ ಗುಲಾಮನ ಜೋಡಿಗೆ ದುಡ್ಡೇ ಇಲ್ವಲ್ಲ ಅನ್ನುತ್ತಾನೆ.